ನೀರು ಹಿಡಿದವನು

"ಕಿಟ್ಟು ಮಾಡ್ತಾನೆ. ನೀನು ಓಪನ್ ಮಾಡಿ ಕೊಡು, ಸಾಕು."

ಮೊಣಕೈಯಿಂದ ನಲ್ಲಿ ಮುಚ್ಚುತ್ತಿದ್ದ ಕಶ್ಯಪನಿಗೆ ಮಾತು ಮೊದಲು ಕೇಳಿಸಿತು, ಆಡಿದವರ ಮುಖ ಆಮೇಲೆ ಕಂಡಿತು. ಆಪರೇಷನ್ ಥಿಯೇಟರಿನ ಬಾಗಿಲಿಗೆ ಒರಗಿಕೊಂಡು ಡಾಕ್ಟರ್ ಚಿಕ್ಕವೆಂಕಟಪ್ಪ ನಿಂತಿದ್ದರು. ಕಿವಿ, ಮೂಗು, ಗಂಟಲು ವಿಭಾಗದ ಮುಖ್ಯಸ್ಥರು; ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಸಿ.ವಿ. ಸಾರ್. ಇವತ್ತು ಸೂಟು ಹಾಕಿದ್ದರು. ಎದೆಯ ಮೇಲೆ ರಿಬ್ಬನ್ನಿನ ಹೂ.

ಕಶ್ಯಪನ ತೊಳೆದ ಕೈಗಳೆರಡೂ ಮೇಲೆತ್ತಿದ್ದವು. ನೀರು ಮೊಣಕೈಗೆ ಇಳಿದು ತೊಟ್ಟಿಕ್ಕುತ್ತಿತ್ತು. ಹಾಗೆ ತೊಳೆದ ಕೈ ಯಾವುದನ್ನೂ ಮುಟ್ಟುವಂತಿಲ್ಲ. ತಲೆ ಕೆರೆದುಕೊಳ್ಳುವಂತಿಲ್ಲ, ಕನ್ನಡಕ ಸರಿಮಾಡಿಕೊಳ್ಳುವಂತಿಲ್ಲ, ಎದುರಿಗಿರುವವರ ತೋಳು ಹಿಡಿದು ಏನಂದಿರಿ ಎಂದು ಕೇಳುವಂತಿಲ್ಲ. ಪೊಲೀಸರಿಗೆ ಶರಣಾದವನ ಹಾಗೆ ನಿಂತೇ ಕೇಳಿದ.

"ಪೂರ್ತಿ ಅವರೇನಾ ಸಾರ್?"

"ಪೂರ್ತಿ ಯಾಕೆ, ಇಂಪ್ಲಾಂಟ್ ಕೂರಿಸೋದು ಅವನು. ಎಲುಬು ಕೊರೆದು ದಾರಿ ಮಾಡೋದು ನೀನು. ಕೆಳಗೆ ಹಾಲ್‌ನಲ್ಲಿ ಜನ ಮ್ಯಾಂಚೆಸ್ಟರಿನಿಂದ ಬಂದೋನ ಕೈ ನೋಡೋಕೆ ಕೂತಿದಾರಪ್ಪ. ನಿನ್ನ ಕೈ ದಿನಾ ಇರೋದೇ."

"ನಿನ್ನೆ ಸಾಯಂಕಾಲದವರೆಗೂ..."

"ನಿನ್ನೇದು ನಿನ್ನೆಗಾಯ್ತು. ಮುಖ ಸಣ್ಣ ಮಾಡ್ಕೋಬೇಡ ಮಾರಾಯ, ಮಾಸ್ಕ್ ಹಾಕಿದ್ರೂ ಕಾಣುತ್ತೆ." ಸಿ.ವಿ. ಸಾರ್ ತಮ್ಮ ಮಾತಿಗೆ ತಾವೇ ನಕ್ಕು, ಗಡಿಯಾರ ನೋಡಿಕೊಂಡು, ಹಾಲ್‌ಗೆ ಇಳಿದು ಹೋದರು. ಅವರು ನಿಂತಿದ್ದ ಜಾಗದಲ್ಲಿ ಅತ್ತರಿನ ವಾಸನೆ ಮಾತ್ರ ಉಳಿಯಿತು.

ಮೊದಲನೇದು ನಿಂದು ಕಣಯ್ಯ. ಸಿ.ವಿ. ಸಾರ್ ವರ್ಷಗಟ್ಟಲೆ ಹೇಳುತ್ತ ಬಂದ ಮಾತು ಇದು. ಹುಟ್ಟು ಕಿವುಡು ಮಕ್ಕಳ ಒಳಕಿವಿಯ ಸುರುಳಿಯೊಳಕ್ಕೆ ಕೂದಲಂಥ ತಂತಿಯೊಂದನ್ನು ತೂರಿಸಿ ಕೇಳುವಂತೆ ಮಾಡುವ ಶಸ್ತ್ರಕ್ರಿಯೆ ಎಂದಾದರೊಂದು ದಿನ ರಿಚರ್ಡ್ಸ್ ಟೌನಿನ ಈ ಟ್ರಸ್ಟ್ ಆಸ್ಪತ್ರೆಗೂ ಬರುತ್ತದೆ. ಬಂದ ದಿನ ಮೊದಲನೆಯದು ನಿಂದು. ಆ ಮಾತನ್ನು ನಂಬಿ ಕಶ್ಯಪ್ ತನ್ನ ಭಾನುವಾರಗಳನ್ನೆಲ್ಲ ಅಡವಿಟ್ಟ. ಶವಾಗಾರದಿಂದ ಬಂದ ಕಿವಿಯ ಹಿಂದಿನ ಎಲುಬುಗಳನ್ನು ಹಳೆಯ ಮೈಕ್ರೋಸ್ಕೋಪಿನ ಕೆಳಗಿಟ್ಟುಕೊಂಡು ಕೊರೆದ, ಕೊರೆದ, ಕೈ ಕುದುರುವ ತನಕ ಕೊರೆದ. ಜೊತೆಗೆ ಓದಿದವರು ಮಸ್ಕತ್ತಿಗೆ ಹೋದರು. ಇಂದಿರಾನಗರದ ಹೊಸ ಆಸ್ಪತ್ರೆಯವರು ಎರಡು ಸಲ ಕರೆದರು. ಸಿ.ವಿ. ಸಾರ್ ಭುಜ ತಟ್ಟಿ, "ಅಲ್ಲಿ ಜೀವನಪೂರ್ತಿ ಟಾನ್ಸಿಲ್ ಕೀಳ್ತೀಯ" ಎಂದರು. ಇವನು ಉಳಿದ. ಮಗಳು ತನ್ಮಯಿ ಶಾಲೆಯಲ್ಲಿ ಬರೆದ ಪ್ರಬಂಧದಲ್ಲಿ, 'ನನ್ನ ಅಪ್ಪನ ಶರ್ಟು ಸುಟ್ಟ ಉಗುರಿನ ವಾಸನೆ ಬರುತ್ತದೆ' ಎಂಬ ಒಂದು ವಾಕ್ಯವಿತ್ತು. ಟೀಚರು ಅದಕ್ಕೆ ಕೆಂಪು ಗೆರೆ ಎಳೆದಿದ್ದರು.

ನರ್ಸ್ ಗೌನು ತೊಡಿಸಿ ಬೆನ್ನ ಹಿಂದೆ ಲಾಡಿ ಕಟ್ಟಿದಳು. ಕಶ್ಯಪ್ ಬೊಂಬೆಯ ಹಾಗೆ ತಿರುಗಿ ನಿಂತ.

ಟೇಬಲ್ಲಿನ ಮೇಲೆ ಪ್ರಿಯದರ್ಶಿನಿ ಮಲಗಿದ್ದಳು. ನಾಲ್ಕು ವರ್ಷ. ತಲೆಯ ಬಲಭಾಗವನ್ನಷ್ಟೇ ಬೋಳಿಸಿದ್ದರಿಂದ ಅರ್ಧ ಹರಕೆ ತೀರಿಸಿದಂತೆ ಕಾಣುತ್ತಿದ್ದಳು. ಕೆ.ಆರ್. ಪುರದಲ್ಲಿ ಏಳುತ್ತಿದ್ದ ಹೊಸ ಸೇತುವೆಯ ಕೆಲಸಕ್ಕೆಂದು ಸೇಡಂ ಕಡೆಯಿಂದ ಬಂದು ಬಾಡಿಗೆ ಕೋಣೆ ಹಿಡಿದಿದ್ದ ಅಂಬಣ್ಣ, ಸಾಬಮ್ಮರ ಒಬ್ಬಳೇ ಮಗಳು. ಕರೆದರೆ ತಿರುಗದ ಮಗುವನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರಿಗೆ ಇನ್ನೂ ಕೆಲಸ ಶುರುವಾಗಿರಲಿಲ್ಲ. ಹೋದ ವರ್ಷ ಅವರು ಹೊರರೋಗಿಗಳ ಸಾಲಿನಲ್ಲಿ ಬಂದು ಕೂತಾಗಿನಿಂದ ಪರೀಕ್ಷೆ, ಸ್ಕ್ಯಾನು, ಟ್ರಸ್ಟಿನವರ ಮನೆ ಬಾಗಿಲು, ಇಂಪ್ಲಾಂಟ್ ದಾನ ಕೊಡಿಸುವುದು ಎಲ್ಲಕ್ಕೂ ಕಶ್ಯಪನೇ ಓಡಾಡಿದ್ದ. ನಿನ್ನೆ ಸಂಜೆ ಅಂಬಣ್ಣ ಒಂದೇ ಮಾತು ಕೇಳಿದ್ದ: "ನೀವೇ ಮಾಡ್ತೀರಲ್ರಿ ಸರ?" ಇವನು ನಾನೇ ಎಂದಿದ್ದ. ಆಗ ಅದು ನಿಜವಿತ್ತು.

ಮಗುವಿನ ತಲೆಯ ಬಳಿ ಸ್ಟೂಲಿನ ಮೇಲೆ ಅರಿವಳಿಕೆಯ ಡಾಕ್ಟರ್ ಜಹನಾರಾ ಕೂತಿದ್ದರು. ಶಿವಾಜಿನಗರದವರು. ಮಾತು ಮೂರು ಭಾಷೆಯಲ್ಲಿ ಬರುತ್ತಿತ್ತು, ಮೌನ ಒಂದರಲ್ಲೂ ಬರುತ್ತಿರಲಿಲ್ಲ.

"ಕ್ಯಾ ಡಾಕ್ಟರ್, ಶುರು ಮಾಡೇಬಿಟ್ರಾ? ದೂಲ್ಹಾ ಎಲ್ಲಿ?"

"ಕಾಫಿ ಕುಡೀತಿದಾರೆ."

"ಮದುವೆ ನಿಮ್ದು ಅಂದಿದ್ರು?"

"ಚಪ್ಪರ ಮಾತ್ರ ನಂದು."

ಜಹನಾರಾ ನಗಲಿಲ್ಲ. ಮಾನಿಟರಿನ ಕಡೆ ತಿರುಗಿ, "ನಿಮ್ದು ಯಾವಾಗ್ಲೂ ಹಾಂಗೇ" ಎಂದರು.

ಕಶ್ಯಪ್ ಮಗುವಿನ ಕಿವಿಯ ಹಿಂದೆ ಗೀರಿ, ಚರ್ಮ ಸರಿಸಿ, ಮೈಕ್ರೋಸ್ಕೋಪನ್ನು ಮೇಲೆ ತಂದ. ಡ್ರಿಲ್ಲಿನ ಪೆಡಲ್ ಒತ್ತಿದ. ಅಲ್ಲಿಂದಾಚೆ ಎಂದಿನಂತೆ ಅವನು ಇಲ್ಲವಾದ. ಬೆಳಗಿನ ಅಪಮಾನ, ಸಿ.ವಿ. ಸಾರ್, ಇಂದಿರಾನಗರ, ಎಲ್ಲ ಆ ದುಂಡನೆಯ ಬೆಳಕಿನ ಹೊರಗೆ ಬಿದ್ದವು. ಎಲುಬು ಮೊದಲು ದಂತದ ಹಾಗೆ, ಆಮೇಲೆ ಜೇನುಗೂಡಿನ ಹಾಗೆ ತೆರೆದುಕೊಳ್ಳುತ್ತದೆ. ನೀರು ಬಿದ್ದಂತೆಲ್ಲ ಗೂಡಿನ ಗೋಡೆಗಳು ಹೊಳೆಯುತ್ತವೆ. ತಾನು ಪೂರ್ತಿಯಾಗಿ ಇರುವುದು ಇಲ್ಲಿ ಮಾತ್ರ, ಈ ಎರಡು ರೂಪಾಯಿಯ ನಾಣ್ಯದಷ್ಟು ಜಾಗದಲ್ಲಿ ಎಂದು ಕಶ್ಯಪನಿಗೆ ಅನೇಕ ಸಲ ಅನಿಸಿತ್ತು. ಹೊರಗೆ ಉಳಿದಿದ್ದೆಲ್ಲ ಆ ಜಾಗಕ್ಕೆ ಬರುವ ಹೋಗುವ ದಾರಿ.

ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕಟ್ಟಿದ್ದರು. ಅದು ಕಂಡದ್ದು ಕೆಳಗಿನ ಹಾಲ್‌ನ ಪರದೆಯ ಮೇಲೆ ಮೂಡುತ್ತಿತ್ತು. ಇಂಥ ಲೈವ್ ವರ್ಕ್‌ಶಾಪುಗಳ ಪದ್ಧತಿಯೇ ಅದು. ಪರದೆಯ ಮೇಲೆ ಮುಖ ಬರುವುದಿಲ್ಲ. ಒಂದು ಗುಂಡಿ, ಒಂದು ಡ್ರಿಲ್ಲು, ರಬ್ಬರಿನ ಬೆರಳ ತುದಿ, ಅಷ್ಟೇ. ಹಾಲ್‌ನಲ್ಲಿ ಆಡಿದ ಮಾತು ಥಿಯೇಟರಿನ ಸೂರಿಗೆ ಸಿಕ್ಕಿಸಿದ ಸ್ಪೀಕರಿನಲ್ಲಿ ಕೇಳುತ್ತಿತ್ತು. ಅತಿಥಿಗೆಂದು ತಂದಿಟ್ಟ ಕಾಲರ್ ಮೈಕು ಇನ್ನೂ ಟ್ರೇಯ ಮೇಲೆಯೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಗಮನಿಸಿ," ಸ್ಪೀಕರಿನಲ್ಲಿ ಸಿ.ವಿ. ಸಾರ್ ದನಿ ಬಂತು. ಇಂಗ್ಲಿಷಿನ ನಡುವೆ ಆಗಾಗ ಕನ್ನಡ. "ಎಲ್ಲೂ ಆತುರ ಇಲ್ಲ. ಒಂದೇ ಒಂದು ಅನಾವಶ್ಯಕ ಮೂವ್‌ಮೆಂಟ್ ಇಲ್ಲ. ಅನುಭವ ಅಂದ್ರೆ ಇದು. ನನ್ನ ಕ್ಲಾಸ್‌ಮೇಟ್ ಅನ್ನೋ ಕಾರಣಕ್ಕೆ ಹೇಳ್ತಿಲ್ಲ." ಹಾಲ್ ನಕ್ಕಿತು. "ಈ ಕೈ ನೋಡಿ ಕಲೀರಿ ಮಕ್ಕಳೆ."

ಕಶ್ಯಪನ ಪಾದ ಪೆಡಲ್ಲಿನ ಮೇಲೆ ಒಂದು ಕ್ಷಣ ಸಡಿಲವಾಯಿತು. ಡ್ರಿಲ್ಲು ನಿಂತು ಮತ್ತೆ ಹಾಡಿತು.

"ಅವರು ಇನ್ನೂ ಬಿಸ್ಕತ್ ತಿಂತಾ ಇದಾರೆ," ಎಂದರು ಜಹನಾರಾ. "ಮೈಕ್ ಆನ್ ಮಾಡಿ ಹೇಳಿ ಡಾಕ್ಟರ್, ಸಾಹೇಬರು ಬಿಸ್ಕತ್ ತಿಂತಾ ಇದಾರೆ, ಕೈ ನಂದು ಅಂತ."

"ಪರವಾಗಿಲ್ಲ ಬಿಡಿ."

"ಪರವಾಗಿಲ್ಲ, ಪರವಾಗಿಲ್ಲ ಅಂತಾನೇ ನಿಮ್ದು ಜಿಂದಗಿ ಹೋಯ್ತು."

ಸಿ.ವಿ. ಸಾರ್‌ಗೆ ತಿಳಿಯಲಿಲ್ಲ ಎನ್ನುವಂತಿರಲಿಲ್ಲ. ಅಂಚಿನಿಂದ ಒಳಕ್ಕೆ ಡ್ರಿಲ್ಲನ್ನು ಕುಂಚದ ಹಾಗೆ ಎಳೆಯುವ ಆ ರೀತಿಯನ್ನು ಕಶ್ಯಪನ ಬೆರಳು ಹಿಡಿದು ತಿದ್ದಿದವರೇ ಅವರು. ಮಗನ ಅಕ್ಷರ ಗುರುತಿಸಿದ ಹಾಗೆ ಗುರುತಿಸಿರಬೇಕು. ಗುರುತಿಸಿಯೇ ಇನ್ನೊಬ್ಬರ ಲೆಕ್ಕಕ್ಕೆ ಹಾಕಿದ್ದರು. ಹೀಗೆ ಯೋಚಿಸುತ್ತಿದ್ದವನಿಗೆ ತನ್ನೊಳಗೆ ಎಲ್ಲೋ ಹೊಗಳಿಕೆಯ ಸುಖವೂ ಹರಿಯುತ್ತಿರುವುದು ತಿಳಿದು ಅಸಹ್ಯವಾಯಿತು. ಕೈ ಮಾತ್ರ ಇನ್ನಷ್ಟು ಚೆನ್ನಾಗಿ ಕೆಲಸ ಮಾಡಿತು.

ಮ್ಯಾಂಚೆಸ್ಟರಿನ ಅತಿಥಿ, ಸಿ.ವಿ. ಸಾರ್ ಬಾಯಲ್ಲಿ ಕಿಟ್ಟು, ಬಂದರು. ಬೆಳ್ಳಗೆ, ದುಂಡಗೆ, ಯಾವುದಕ್ಕೂ ತಡವಾಗದವರ ಹಾಗೆ. ಮೈಸೂರು ಬಿಟ್ಟು ದಶಕಗಳಾಗಿದ್ದರೂ ಕನ್ನಡವನ್ನು ಹೊರಟ ದಿನದ ಬಿಸಿಯಲ್ಲೇ ಇಟ್ಟುಕೊಂಡಿದ್ದರು. ಕಶ್ಯಪ್ ಎದ್ದು ಸ್ಟೂಲು ಬಿಟ್ಟುಕೊಟ್ಟ. ಅದರ ರೆಕ್ಸಿನ್ನು ಬೆಚ್ಚಗಿತ್ತೆಂದು ತೋರುತ್ತದೆ, ಅತಿಥಿ ಒಂದು ಗಳಿಗೆ ಮುಖ ಕಿವುಚಿದರು.

"ಭೇಷ್, ಚೆನ್ನಾಗಿ ಅಣಿ ಮಾಡಿದೀಯಯ್ಯ. ಎಲ್ಲಿ ಕಲಿತೆ?"

"ಇಲ್ಲೇ ಸಾರ್."

"ಇಲ್ಲೇನಾ?" ಅತಿಥಿ ಹುಬ್ಬೇರಿಸಿ ಕಾಲರ್ ಮೈಕು ಸಿಕ್ಕಿಸಿಕೊಂಡರು. ದನಿ ಇಂಗ್ಲಿಷಿಗೆ ಹೊರಳಿತು. ಹಾಲ್‌ಗೆ ಶುಭೋದಯ ಹೇಳಿದರು. ಹಾಲ್ ಚಪ್ಪಾಳೆ ತಟ್ಟಿತು. ಇಷ್ಟು ಹೊತ್ತು ಕೆಲಸ ಮಾಡಿದವರು ಈಗ ಶುಭೋದಯ ಹೇಳಿದ್ದೇಕೆ ಎಂದು ಯಾರೂ ಕೇಳಲಿಲ್ಲ.

ಈಗ ಕಶ್ಯಪನ ಕೈಗೆ ಉಳಿದದ್ದು ಉಪ್ಪುನೀರು ತುಂಬಿದ ಸಿರಿಂಜು. ಡ್ರಿಲ್ಲು ತಿರುಗುವಲ್ಲಿ ಬಿಡದೆ ನೀರು ಹನಿಸುವುದು ಸಹಾಯಕನ ಕೆಲಸ. ಕೆಲಸ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಮೊದಲ ದಿನ ಕೊಡುವ ಕೆಲಸ. ಅವರಿಗೆ ಅವನೇ ಪಾಠ ಹೇಳುತ್ತಿದ್ದ: ನೀರಿಲ್ಲದ ಡ್ರಿಲ್ಲು ಕೆಂಡ. ಕಿವಿಯೊಳಗಿನ ಸಣ್ಣ ಕಿಟಕಿ ತೆರೆಯುವಲ್ಲಿ, ಮೊಟ್ಟೆಯ ಸಿಪ್ಪೆಯಷ್ಟು ತೆಳು ಎಲುಬಿನ ಹಿಂದೆಯೇ ಮುಖದ ನರ ಇಳಿಯುತ್ತದೆ. ಕಣ್ಣು ಮುಚ್ಚಿಸುವುದು ಅದು, ತುಟಿ ನಗಿಸುವುದು ಅದು. ಮುಟ್ಟಬೇಕೆಂದೇನಿಲ್ಲ, ಬಿಸಿ ತಾಗಿದರೂ ಸಾಕು.

ಅತಿಥಿ ಆ ಕಿಟಕಿಗೆ ಬಂದಿದ್ದರು. ಕೈ ಪಳಗಿದ್ದೇ. ಆದರೆ ಅವರ ಗಮನದ ಅರ್ಧ ಹಾಲ್‌ನಲ್ಲಿತ್ತು. ಕೊರೆಯುತ್ತಲೇ ಒಂದು ಜೋಕು ಹೇಳಿದರು. ಹಾಲ್ ನಕ್ಕು ಮುಗಿಯುವುದಕ್ಕೂ, ಸ್ಪೀಕರಿನಲ್ಲಿ ಯಾರದೋ ದನಿ ಬರುವುದಕ್ಕೂ ಸರಿಹೋಯಿತು.

"ಸಾರ್, ನೀರಿನಿಂದ ಪಿಕ್ಚರ್ ಮಬ್ಬಾಗ್ತಿದೆ. ಕಿಟಕಿ ಕಾಣ್ತಿಲ್ಲ."

"ನೀರು ಹಿಡಿಯಯ್ಯ ಸ್ವಲ್ಪ," ಎಂದರು ಅತಿಥಿ. "ಅವರೂ ನೋಡ್ಲಿ."

ಕಶ್ಯಪ್ ಸಿರಿಂಜಿನಿಂದ ಹೆಬ್ಬೆರಳು ತೆಗೆದ.

ಡ್ರಿಲ್ಲು ತಿರುಗುತ್ತಲೇ ಇತ್ತು. ಪರದೆಗೆ ಚಿತ್ರ ಸ್ವಚ್ಛವಾಗಿ ಹೋಗುತ್ತಿರಬೇಕು. ಬೇಡ ಸಾರ್ ಎಂಬ ಎರಡು ಶಬ್ದ ಅವನ ಮಾಸ್ಕಿನ ಒಳಬದಿಗೆ ಬಂದು, ಉಸಿರಿನ ಪಸೆಯಾಗಿ, ಅಲ್ಲೇ ಕೂತವು. ಎಲುಬು ಸುಡುವ ಎಳೆ ವಾಸನೆಯೊಂದು ಮೂಗಿಗೆ ಬಂತೋ, ಬಂದಂತೆ ಅನಿಸಿತೋ. ಎಷ್ಟು ಹೊತ್ತು? ಹಾಲ್‌ನಲ್ಲಿ ಯಾರೋ "ಬ್ಯೂಟಿಫುಲ್, ಥ್ಯಾಂಕ್ಯೂ ಸಾರ್" ಎನ್ನುವಷ್ಟು ಹೊತ್ತು. ಆಮೇಲೆ ಅವನ ಹೆಬ್ಬೆರಳು ತಾನಾಗಿ ಒತ್ತಿತು. ನೀರು ಬಿತ್ತು.

ತಂತಿ ಒಳಗೆ ಹೋಯಿತು. ಪೂರ್ತಿ, ಒಂದೇ ಸಲಕ್ಕೆ. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದೆ ಎಂದು ಸಿ.ವಿ. ಸಾರ್ ಸ್ಪೀಕರಿನಲ್ಲಿ ತಿಳಿಸಿದರು. ಅತಿಥಿ ಗ್ಲೌಸು ಕಳಚಿ, "ಹೊಲಿಗೆ ನೀನು ಹಾಕ್ಬಿಡಪ್ಪ" ಎಂದು ಕೆಳಗೆ ಹೊರಟರು. ಕಶ್ಯಪ್ ಹೊಲಿಗೆ ಹಾಕಿದ. ತಲೆ ಸುತ್ತ ಬ್ಯಾಂಡೇಜು ಸುತ್ತಿದ. ಕೆಳಗಿನ ಚಪ್ಪಾಳೆ ಮಾತ್ರ ಸೂರಿನಿಂದ ಇನ್ನೂ ಸುರಿಯುತ್ತಿತ್ತು. ಯಾರೋ ಸ್ಪೀಕರ್ ಆರಿಸಲು ಮರೆತಿದ್ದರು.

ಜಹನಾರಾ ಮಗುವಿನ ಗಂಟಲಿನ ಕೊಳವೆ ತೆಗೆದರು. ಪ್ರಿಯದರ್ಶಿನಿ ಕೆಮ್ಮಿ, ಕಾಲು ಝಾಡಿಸಿ, ಕಿವುಡು ಮಕ್ಕಳು ಅಳುವ ಹಾಗೆ ಹದವಿಲ್ಲದ ದನಿಯಲ್ಲಿ ಅತ್ತಳು. ಬಾಯಿ ಎಡಕ್ಕೆ ಎಳೆಯಿತು. ಎಡಗಣ್ಣು ಬಿಗಿಯಾಗಿ ಮುಚ್ಚಿತು. ಬಲಗೆನ್ನೆ ಅಳುವಿನಲ್ಲಿ ಸೇರದೆ, ಬೇರೆ ಯಾರದೋ ಮುಖದ ಹಾಗೆ ನುಣ್ಣಗೆ ಉಳಿಯಿತು.

ಈ ಸಲ ಜಹನಾರಾ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಕಶ್ಯಪನೇ ಹೇಳಿದ.

"ಕಿವಿ ಹಿಂದೆ ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ನಲ್ಲ, ಅದರ ಪ್ರಭಾವ ಇರ್ಬೇಕು."

"ಇರ್ಬೇಕು."

"ಸಂಜೆ ಹೊತ್ತಿಗೆ ಇಳಿಯುತ್ತೆ."

"ಇಳೀಲಿ," ಎಂದು ಜಹನಾರಾ ಮಗುವಿನ ಬಲಗೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದರು. "ಅಲ್ಲಾ ಮಾಡ್ಲಿ ಇಳೀಲಿ. ಹೆಣ್ಣು ಮಗು."

ಅಂಗಳದಲ್ಲಿ ಶಾಮಿಯಾನ ಹಾಕಿ ಊಟಕ್ಕಿಟ್ಟಿದ್ದರು. ಪ್ರತಿನಿಧಿಗಳು ಕೊರಳಲ್ಲಿ ಬ್ಯಾಡ್ಜು ತೂಗಿಸಿಕೊಂಡು, ಕೈಯಲ್ಲಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಕಶ್ಯಪ್ ಸಿ.ವಿ. ಸಾರ್ ಪಕ್ಕಕ್ಕೆ ಹೋಗಿ ಕಿವಿಯಲ್ಲಿ ಹೇಳಿದ. ಸಿ.ವಿ. ಸಾರ್ ಬಾಯಲ್ಲಿದ್ದ ಜಾಮೂನು ನಿಧಾನವಾಗಿ ನುಂಗಿದರು. ಎದುರಿಗಿದ್ದವರ ಕಡೆ ನಗು ಹಾಗೇ ಇತ್ತು.

"ಎಷ್ಟು ಜನಕ್ಕೆ ಗೊತ್ತು?"

"ಡಾಕ್ಟರ್ ಜಹನಾರಾಗೆ ಗೊತ್ತು."

"ಸಂಜೆವರೆಗೆ ಬಾಯಿ ಬಿಡ್ಬೇಡಿ ಇಬ್ರೂ. ಊಟ ಮಾಡು ಹೋಗು. ಬಿಸಿಬೇಳೆ ಚೆನ್ನಾಗಿದೆ."

ತಟ್ಟೆ ಹಿಡಿದು ಮೂಲೆಗೆ ಬಂದಾಗ ಜೇಬಿನ ಮೊಬೈಲು ಹೊಡೆದುಕೊಂಡಿತು. ಶರ್ವಾಣಿ. ಜೀವನ್ ಬಿಮಾ ನಗರದ ಬ್ಯಾಂಕಿನಲ್ಲಿ ಕೌಂಟರು ಮುಚ್ಚಿ ಊಟಕ್ಕೆ ಕೂತ ಹೊತ್ತು. ಗಂಡ ಇವತ್ತು ಮಾಡಲಿದ್ದ ಆಪರೇಷನ್ನಿನ ವಿಷಯ ಅವಳು ಬ್ಯಾಂಕಿಗೆ, ಅಪಾರ್ಟ್‌ಮೆಂಟಿಗೆ, ತವರಿಗೆ ಎಲ್ಲ ಕಡೆಗೂ ಒಂದು ವಾರದಿಂದ ಹಂಚಿದ್ದಳು.

"ಆಯ್ತೇನ್ರೀ?"

"ಆಯ್ತು."

"ಚೆನ್ನಾಗ್ ಆಯ್ತಾ?"

"ಎಲೆಕ್ಟ್ರೋಡು ಪೂರ್ತಿ ಒಳಗೆ ಹೋಯ್ತು."

"ಅಂದ್ರೆ ಚೆನ್ನಾಗ್ ಆಯ್ತು ಅಂತ ತಾನೆ? ನಿಮ್ಮ ಬಾಯಿಂದ ಒಂದು ಮಾತು ಸಲೀಸಾಗಿ ಬರಲ್ಲಪ್ಪ. ಅಪ್ಪ ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ರು. ಹೇಳ್ಬಿಡ್ಲಾ?"

ಶಾಮಿಯಾನದಾಚೆ ಅತಿಥಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಸರದಿ ಹಚ್ಚಿದ್ದರು. ಇಲ್ಲ ಎನ್ನಲು ಬೇಕಾದಷ್ಟು ಹೊತ್ತು ಶರ್ವಾಣಿ ಕಾದಳು. ಕಶ್ಯಪ್ ಅನ್ನದ ಮೇಲಿನ ತುಪ್ಪ ಹೆಪ್ಪುಗಟ್ಟುವುದನ್ನು ನೋಡುತ್ತಿದ್ದ.

"ಹೇಳು," ಎಂದ.

ಮಧ್ಯಾಹ್ನವೆಲ್ಲ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು ಭಾಷಣಗಳನ್ನು ಕೇಳಿದ. ಬೆಳಗಿನ ಚಿತ್ರವನ್ನು ಮತ್ತೊಮ್ಮೆ ಪರದೆಗೆ ಹಾಕಿದರು. ತನ್ನ ಕೈ ಮುಗಿದು ಅವರ ಕೈ ಶುರುವಾಗುವ ಜಾಗವನ್ನು ಅವನು ಕಾದು ನೋಡಿದ. ಗ್ಲೌಸಿನೊಳಗೆ ಎರಡೂ ಒಂದೇ ಕೈ. ನೀರು ನಿಂತಾಗ ಚಿತ್ರ ಎಷ್ಟು ನಿರ್ಮಲವಾಯಿತೆಂದರೆ, ಪಕ್ಕದಲ್ಲಿದ್ದ ಹುಡುಗಿ ಪೆನ್ನು ನಿಲ್ಲಿಸಿ "ವಾವ್" ಎಂದಳು. ತಾನು ಯಾಕೆ ಹೆಬ್ಬೆರಳು ತೆಗೆದೆ? ಹೇಳಿದ್ದಕ್ಕೆ ತೆಗೆದೆ ಎಂದುಕೊಂಡ. ಹೇಳಿದ್ದನ್ನು ಕೇಳಿಯೇ ಈ ವಯಸ್ಸಿನವರೆಗೆ ಬಂದವನು. ಆದರೆ ಆ ಸಮಾಧಾನದ ತಳದಲ್ಲಿ ಇನ್ನೊಂದು ಮಾತು ಮಿಸುಕಾಡಿತು: ಸ್ಟೂಲಿನಿಂದ ಎದ್ದ ಗಳಿಗೆಯಿಂದ, ಅತಿಥಿಯ ಆ ದುಂಡನೆಯ ಬೆನ್ನಿಗೆ ಏನಾದರೂ ಆಗಲಿ ಎಂದು ತಾನು ಬಯಸಿರಲಿಲ್ಲವೆ? ಬೆನ್ನಿಗೂ ಕೆಳಗಿನ ಮಗುವಿಗೂ ನಡುವೆ ತನ್ನ ಹೆಬ್ಬೆರಳೊಂದೇ ಇತ್ತು. ಈ ಯೋಚನೆಯನ್ನು ಅವನು ಯಾರದೋ ಕೇಸಿನಂತೆ ದೂರವಿಟ್ಟು ನೋಡಲು ಹೊರಟ. ಅದು ದೂರ ಹೋಗಲಿಲ್ಲ.

ಐದಕ್ಕೆ ವಾರ್ಡಿಗೆ ಹೋಗಿ ನೋಡಿದ. ಇಳಿದಿರಲಿಲ್ಲ.

ಸಿ.ವಿ. ಸಾರ್ ಕೋಣೆಯಲ್ಲಿ ಅತಿಥಿ ಕೋಟು ತೊಟ್ಟು ಕೂತಿದ್ದರು. ಏರ್‌ಪೋರ್ಟಿಗೆ ಹೊರಡುವ ಕಾರು ಕೆಳಗೆ ಕಾಯುತ್ತಿತ್ತು. ಮಡಿಲಲ್ಲಿ ಗಂಧದ ಹಾರ, ಪಕ್ಕದಲ್ಲಿ ಮೈಸೂರುಪಾಕಿನ ಪೊಟ್ಟಣ. ಕಶ್ಯಪ್ ಒಳಗೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದ್ದು ಅವನಿಗೆ ತಿಳಿಯಿತು.

"ಕೂತ್ಕೋ," ಎಂದರು ಸಿ.ವಿ. ಸಾರ್. "ಹೇಗಿದೆ?"

"ಹಾಗೇ ಇದೆ ಸಾರ್. ಕಣ್ಣು ಮುಚ್ಚಕ್ಕಾಗ್ತಿಲ್ಲ."

"ಸ್ಟೀರಾಯ್ಡ್ ಶುರು ಮಾಡು. ತಿಂಗಳಲ್ಲಿ ಬಂದ್ರೂ ಬರಬಹುದು."

"ಬರದೇ ಹೋಗಲೂಬಹುದು ಸಾರ್."

ಅತಿಥಿ ಹಾರದ ಒಂದು ಎಸಳನ್ನು ಬೆರಳಲ್ಲಿ ತಿಕ್ಕಿ ಮೂಸಿದರು.

"ಇರಿಗೇಷನ್ ಸಾಲದೆ ಹೋಯ್ತು ಅಂತ ಕಾಣುತ್ತೆ ಕಣಯ್ಯ," ಎಂದರು ಮೆಲ್ಲಗೆ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ. "ನೀರು ಹಿಡಿದಿದ್ದು ನೀನೇ ತಾನೆ?"

"ನೀವು ನಿಲ್ಲಿಸು ಅಂದ್ರಿ ಸಾರ್."

"ಸ್ವಲ್ಪ ಹಿಡಿ ಅಂದೆ. ಪೂರ್ತಿ ನಿಲ್ಲಿಸು ಅಂದ್ನೇ? ಅಷ್ಟು ಅಣಿಯಾಗಿ ಎಲುಬು ಕೊರೆಯೋನಿಗೆ ಇದನ್ನ ಹೇಳ್ಕೊಡಬೇಕೆ?" ಸಿಟ್ಟಿರಲಿಲ್ಲ. ನಿಜವಾದ ಕನಿಕರವಿತ್ತು. ಅದನ್ನು ತಡೆಯುವುದು ಹೇಗೆಂದು ಕಶ್ಯಪನಿಗೆ ತಿಳಿಯಲಿಲ್ಲ.

ಸಿ.ವಿ. ಸಾರ್ ಕೆಮ್ಮಿದರು. "ನೋಡು ಕಶ್ಯಪ್. ಕಿಟ್ಟುಗೆ ಈ ದೇಶದಲ್ಲಿ ಆಪರೇಟ್ ಮಾಡೋ ರಿಜಿಸ್ಟ್ರೇಷನ್ ಈಗ ಇಲ್ಲ. ರಿನ್ಯೂ ಮಾಡ್ಸಿಲ್ಲ. ವರ್ಕ್‌ಶಾಪ್‌ಗಳಲ್ಲಿ ಹೀಗೇ ನಡೆಯೋದು, ನಿಂಗೂ ಗೊತ್ತು. ಹಂಗಾಗಿ ಕಾಯಿದೆ ಪ್ರಕಾರ ಸರ್ಜನ್ ನೀನೇ. ಅವನು ನೋಡೋಕೆ ಬಂದಿದ್ದ."

"ಹಾಲ್‌ನಲ್ಲಿ ಅಷ್ಟು ಜನ..."

"ಹಾಲ್‌ನಲ್ಲಿ ಯಾರು ಏನು ಕಂಡ್ರು? ಒಂದು ತೂತು ಕಂಡ್ರು." ಸಿ.ವಿ. ಸಾರ್ ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. "ಮೊದಲನೇದು ನಿಂದೇ ಅಂತ ನಾನು ಹೇಳಿರಲಿಲ್ವಾ? ಹಂಗೇ ಆಗಿದೆ."

ಅವರು ವ್ಯಂಗ್ಯ ಮಾಡುತ್ತಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡವನ ಸಣ್ಣ ಸಂಕೋಚವೊಂದು ಮುಖದ ಮೇಲಿತ್ತು. ಕಶ್ಯಪ್ ತನಗೆ ಸಿಟ್ಟು ಬರಲೆಂದು ಕಾದ. ಬಂದಿದ್ದು ಹಸಿವು. ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಮುಂದಿನ ಕೇಸುಗಳು ಸಾರ್?"

"ಅದೇ ಈಗ ತೊಂದರೆ. ಮೊದಲ ಕೇಸೇ ಹಿಂಗಾದ್ರೆ ಟ್ರಸ್ಟಿನೋರು ನಿನ್ನ ಕೈಗೆ ಎರಡನೇದು ಕೊಡ್ತಾರಾ? ನಚಿಕೇತ ಟ್ರೈನಿಂಗ್ ಮುಗಿಸ್ಕೊಂಡು ಬರ್ತಾನಲ್ಲ, ಅವನು ನೋಡ್ಕೋತಾನೆ. ಅದು ಮೊದಲೇ ಮಾತಾಗಿತ್ತು."

ನಚಿಕೇತ ಕಶ್ಯಪನ ಕೈಕೆಳಗೆ ಸಿರಿಂಜು ಹಿಡಿದು ಕಲಿತವನು. ಮೂರು ತಿಂಗಳ ಹಿಂದೆ ಇಂಗ್ಲೆಂಡಿಗೆ ಹೊರಟಾಗ, ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಸುಮ್ನೆ ಸಾರ್, ನೋಡ್ಕೊಂಡ್ ಬರೋಣ ಅಂತ" ಎಂದು ನಕ್ಕಿದ್ದ. ಯಾವ ಊರು ಎಂದು ಕೇಳಬೇಕೆಂದು ಆಗ ಹೊಳೆದಿರಲಿಲ್ಲ. ಕಶ್ಯಪ್ ಅತಿಥಿಯ ಕಡೆ ನೋಡಿದ.

"ಹೂಂ, ನಮ್ಮಲ್ಲೇ ಇದಾನೆ," ಎಂದರು ಅತಿಥಿ. "ಜಾಣ ಹುಡುಗ. ನಿನ್ನ ಬಗ್ಗೆ ತುಂಬ ಗೌರವದಿಂದ ಮಾತಾಡ್ತಾನೆ." ಎದ್ದು ಕೈ ಚಾಚಿದರು. ಕೈ ಮೆತ್ತಗೆ, ಬೆಚ್ಚಗೆ, ಒಣಗಿತ್ತು. "ಬರ್ತೀನಪ್ಪ. ಕುಗ್ಗಬೇಡ. ನಮ್ಮ ಕೆಲಸದಲ್ಲಿ ಎಲ್ಲರ ಬೆನ್ನ ಹಿಂದೆಯೂ ಇಂಥ ಒಂದು ಮುಖ ಇದ್ದೇ ಇರುತ್ತೆ."

ಕಾರಿನವರೆಗೆ ಮೈಸೂರುಪಾಕಿನ ಪೊಟ್ಟಣವನ್ನು ಕಶ್ಯಪನೇ ಹಿಡಿದುಕೊಂಡು ಹೋದ. ಯಾರೂ ಹೇಳಿರಲಿಲ್ಲ. ಮೇಜಿನ ಮೇಲೆ ಮರೆತುಹೋಗುವುದರಲ್ಲಿತ್ತು, ಎತ್ತಿಕೊಂಡಿದ್ದ.

ಮಕ್ಕಳ ವಾರ್ಡಿನಲ್ಲಿ ಭೇಟಿಯ ಹೊತ್ತು ಮುಗಿಯುತ್ತ ಬಂದಿತ್ತು. ಅಂಬಣ್ಣ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದವನು ಎದ್ದು ನಿಂತ. ಅಂಗಿಯ ತೋಳಿನಲ್ಲಿ ಸಿಮೆಂಟಿನ ಕಲೆ. ಸಾಬಮ್ಮ ಏಳಲಿಲ್ಲ, ಮಗುವಿನ ಪಕ್ಕದಲ್ಲಿ ಮುದುಡಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಸರ, ಬಾಯಿ ಒಂದ್ ಕಡಿ ವಾರೆ ಆಗ್ಯಾದಲ್ರಿ," ಎಂದ ಅಂಬಣ್ಣ. "ನರ್ಸಮ್ಮಗ ಕೇಳಿದ್ರ ಡಾಕ್ಟರಿಗಿ ಕೇಳು ಅಂತಾಳ."

"ನರಕ್ಕೆ ಸ್ವಲ್ಪ ಪೆಟ್ಟಾಗಿದೆ. ಔಷಧಿ ಕೊಡ್ತಿದೀವಿ."

"ಮನಿಗಿ ಹ್ವಾದ ಮ್ಯಾಲ ಸರಿ ಆಗ್ತದಲ್ರಿ?"

"ನೋಡೋಣ."

ಅಂಬಣ್ಣ ತನ್ನ ಕಾಲ ಬೆರಳು ನೋಡಿಕೊಂಡ. "ತಪ್ಪು ತಿಳ್ಕೋಬ್ಯಾಡ್ರಿ. ಕೆಳಗ ಹಾಲ್‌ನಾಗ ಚಾ ಕೊಡಾಂವ ಅಂದ, ಆಪರೇಷನ್ ಫಾರಿನ್ ಡಾಕ್ಟರ್ ಮಾಡ್ಯಾನ, ಇವರಲ್ಲ ಅಂತ. ನಾ ಅವಂಗ ಬೈದ್ ಬಂದೀನಿ. ನಮ್ಮ ಸರ ಖುದ್ದ್ ಮಾತ್ ಕೊಟ್ಟಾರ, ಅವರೇ ಮಾಡ್ಯಾರ ಅಂದೆ. ನೀವೇ ಮಾಡೀರಿ ಹೌದಲ್ರಿ?"

ಕಶ್ಯಪನ ಬಾಯಿಗೆ ಎರಡು ಉತ್ತರ ಬಂದವು. ಒಂದು ಸಿ.ವಿ. ಸಾರ್ ಕೊಟ್ಟಿದ್ದು, ಒಂದು ಬೆಳಗ್ಗೆ ಮಾಸ್ಕಿನಲ್ಲಿ ಉಳಿದುಹೋದ ಎರಡು ಶಬ್ದಗಳ ಸಾಲಿಗೆ ಸೇರಿದ್ದು. 'ಅಲ್ಲ' ಎಂದರೆ ನಿಜ. ಆದರೆ ಆ ನಿಜ ನಡೆದದ್ದರಿಂದ ಅವನ ಹೆಬ್ಬೆರಳನ್ನು ಬಿಡಿಸುತ್ತಿರಲಿಲ್ಲ. 'ಹೌದು' ಎಂದರೆ ಸುಳ್ಳು. ಆ ಸುಳ್ಳನ್ನು ಇಷ್ಟು ಹೊತ್ತಿಗೆ ಜೀವನ್ ಬಿಮಾ ನಗರವೆಲ್ಲ ನಂಬಿತ್ತು.

"ನೀವ್ ಸುಮ್ಕಿರ್ರಿ," ಎಂದು ಸಾಬಮ್ಮ ಗಂಡನಿಗೆ ಗದರಿದಳು. "ಸರ ಮಾಡಿದ್ರ ಆರಾಮ್ ಆಗೇ ಆಗ್ತದ. ಅವರ ಮುಖ ನೋಡ್ರಿ, ನಮಗಿಂತ ಅವರೇ ಸೋತಾರ." ಆಮೇಲೆ ಇವನ ಕಡೆ ತಿರುಗಿ, ದನಿ ಇಳಿಸಿ, "ಸರ, ನಿದ್ದಿ ಮಾಡಿದ್ರೂ ಇಕಿ ಒಂದ್ ಕಣ್ಣ ತೆರದೇ ಇರ್ತದ್ರಿ. ಮಲಗ್ಯಾಳೋ ಎದ್ದಾಳೋ ತಿಳಿವಲ್ದು. ನನಗ ಅಂಜಿಕಿ ಬರಾಕತ್ಯಾದ," ಎಂದಳು.

ಕಶ್ಯಪ್ ಬಗ್ಗಿ ನೋಡಿದ. ಬಿಳಿ ಬ್ಯಾಂಡೇಜಿನ ಕೆಳಗೆ ಪುಟ್ಟ ಮುಖ. ಎಡಗಣ್ಣು ಗಾಢವಾಗಿ ನಿದ್ರಿಸುತ್ತಿತ್ತು. ಬಲಗಣ್ಣು ಅರೆ ತೆರೆದಿತ್ತು. ಕಪ್ಪುಗುಡ್ಡೆ ಮೇಲಕ್ಕೆ ಸರಿದು ರೆಪ್ಪೆಯ ಮರೆಗೆ ಹೋಗಿ, ಬರೀ ಬಿಳುಪು ಉಳಿದಿತ್ತು. ತೆರೆದುಕೊಂಡೂ ಯಾರನ್ನೂ ನೋಡಲು ಒಪ್ಪದ ಕಣ್ಣು.

"ಹಾಗೇ ಬಿಟ್ರೆ ಒಣಗುತ್ತೆ," ಎಂದ. "ಮುಚ್ಚಿ ಟೇಪ್ ಹಾಕ್ಬೇಕು." ಬಾಗಿಲ ಬಳಿ ಹೋಗುತ್ತಿದ್ದ ನರ್ಸಿಗೆ ಮುಲಾಮು, ಟೇಪು ತರಲು ಹೇಳಿದ. ಅವಳು ಬಂದೆ ಎನ್ನುತ್ತ ಹೋದಳು. ತೋರುಬೆರಳಿನಿಂದ ಮಗುವಿನ ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದ. ಬೆಚ್ಚಗಿತ್ತು, ಕಾಗದದಷ್ಟು ಹಗುರವಾಗಿತ್ತು. ಮುಚ್ಚಿಕೊಂಡಿತು. ಬೆರಳು ತೆಗೆದ. ರೆಪ್ಪೆ ನಿಧಾನವಾಗಿ, ಯಾರಿಗೂ ಕಾಣದಂತೆ ಎನ್ನುವ ಹಾಗೆ, ಮೇಲಕ್ಕೆ ಸರಿದು ಬಿಳುಪು ಮತ್ತೆ ಬಂತು.

ಮತ್ತೆ ಮುಚ್ಚಿದ. ಈ ಸಲ ಬೆರಳು ತೆಗೆಯಲಿಲ್ಲ.

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಮಿಕ್ಕ ಮಂಚಗಳ ಬಳಿ ಇದ್ದವರು ಟಿಫಿನ್ ಕ್ಯಾರಿಯರುಗಳನ್ನು ಎತ್ತಿಕೊಂಡು ಹೊರಟರು. ಅಂಬಣ್ಣ ಮಾತ್ರ ಕದಲದೆ, ಇನ್ನೂ ಬಾರದ ಉತ್ತರಕ್ಕೆ ಎದುರಾಗಿ ನಿಂತಿದ್ದ. ಕಶ್ಯಪನ ಜೇಬಿನಲ್ಲಿ ಮೊಬೈಲು ಬಾರಿಸತೊಡಗಿತು. ಸಾಬಮ್ಮ ಬೆಚ್ಚಿದಳು, ಪಕ್ಕದ ಮಂಚದ ಕೂಸು ಎದ್ದು ಅತ್ತಿತು. ಆ ಸದ್ದಿಗೆ ಮಿಸುಕದೆ ಮಲಗಿದ್ದವಳು ಪ್ರಿಯದರ್ಶಿನಿಯೊಬ್ಬಳೇ. ನರ್ಸ್ ಹೋದ ಕಾರಿಡಾರಿನಲ್ಲಿ ಯಾರೂ ಬರುತ್ತಿರಲಿಲ್ಲ. ಕಶ್ಯಪ್ ಒಂದೇ ಬೆರಳಿನ ಕೆಳಗೆ ಆ ರೆಪ್ಪೆಯನ್ನು ಹಿಡಿದುಕೊಂಡು, ಬೆನ್ನು ನೋಯುತ್ತಿದ್ದರೂ ನೆಟ್ಟಗಾಗದೆ, ಬಗ್ಗಿಯೇ ನಿಂತಿದ್ದ.